ಪಾದೆಯ ಪುನರ್ಪುಳಿಗೆ ನರ್ಸರಿಯ ಸಸಿ ಬದಲಿಯಲ್ಲ

ಕಾರ್ಕಳದ ಬಂಡೆಗಲ್ಲಿನ ಪಾದೆಯ ಮೇಲಿನ ಮರಗಳನ್ನು ಕಡಿಯಲು ರುಜು ಹಾಕಿದ ಮಾನ್ಯ ಅಧಿಕಾರಿಗಳೇ,

ಪಾರ್ಕಿಂಗ್ ಜಾಗಕ್ಕೆಂದು ತಾವು ಕಡಿಸಿದ ಕಾಡು ಪುನರ್ಪುಳಿ (ಮುರುಗಲು) ಮರಗಳ ಬದಲಿಗೆ ಆಚೆ ಬದಿಯ ಬಂಡೆಯಲ್ಲಿ ನೆಟ್ಟ ಸಸಿಗಳೆಲ್ಲ ಸತ್ತಿವೆ. ಹೀಗಾಗುತ್ತದೆಂದು ತಮ್ಮ ಮೇಜಿನ ಮುಂದೆಯೇ ನಿಂತು ಹೇಳಿದ್ದೆ. ಅಲ್ಲಿ ಕೇಳಿಸಲಿಲ್ಲ. ಈಗ ಪತ್ರಿಕೆಯ ಮೂಲಕ ಊರೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾನು ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕಿ. ಗೆಳತಿ ಸುಗಂಧಿಯ ತವರು ಆ ಪಾದೆಯ ಬುಡದಲ್ಲಿದೆ. ಕಾಪುವಿನ ಮನೆಯಲ್ಲಿ ಅವಳು ಮಾಡುವ ಶರಬತ್ತಿಗೆ ಹಣ್ಣು ಬರುತ್ತಿದ್ದುದು ಅಲ್ಲಿಂದಲೇ. ಪಾದೆಯ ಮರದ ಹಣ್ಣು ಚಿಕ್ಕದು, ಹುಳಿ ಜಾಸ್ತಿ, ಎಲೆ ದಪ್ಪ. ಪಡುಬಿದ್ರಿ ಬದಿಯ ತಗ್ಗಿನ ಕಾಡುಮರಗಳ ಹಣ್ಣು ದೊಡ್ಡದು, ಎಲೆ ತೆಳು. “ಜಾತಿ ಒಂದೇ ಅಲ್ವಾ ಟೀಚರೇ? ಮಣ್ಣಿನ ಗುಣವೋ ಎಂತದೋ” ಎಂದಳು ಸುಗಂಧಿ. ನನಗೂ ಅದೇ ಅನುಮಾನ. ಎರಡೂ ಕಡೆಯ ಬೀಜ ತಂದು ಅವಳ ಹಿತ್ತಿಲಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ಬಾವಿಯ ನೀರಿನಲ್ಲಿ ಬೆಳೆಸಿದೆವು. ಪಾದೆಯ ಸಸಿಗಳ ಎಲೆ ಅಲ್ಲಿಯೂ ದಪ್ಪವಾಗಿಯೇ ಬಂತು. ಮೂರನೆಯ ಬೇಸಗೆಯಲ್ಲಿ ಬಾವಿ ಬತ್ತಿತು. ತಗ್ಗಿನ ಸಸಿಗಳು ಒಂದೊಂದಾಗಿ ಒಣಗಿದವು. ಪಾದೆಯವು ಹೆಚ್ಚಿನವು ಬದುಕಿದವು. “ಇವು ಹುಟ್ಟುವಾಗಲೇ ಗಟ್ಟಿ ಉಂಟು ಮಾರಾಯ್ರೆ!” ಎಂದು ಅವಳು ಕೂಗಿದಳು. ನಾನು ತರಗತಿಯಲ್ಲಿ ಅನುವಂಶೀಯ ವೈವಿಧ್ಯ ಎಂದು ಪಾಠ ಮಾಡುತ್ತಿದ್ದುದು ಇದನ್ನೇ. ತಲೆತಲಾಂತರದ ಬಿಸಿಲು ಆ ಬಂಡೆಯ ಮೇಲೆ ತಾಳಲಾರದವನ್ನು ಕೊಂದು, ತಾಳಬಲ್ಲವನ್ನು ಉಳಿಸಿತ್ತು. ಆ ಗುಣ ಬೀಜದಲ್ಲಿತ್ತು.

ಮರ ಕಡಿಯುವ ಸುದ್ದಿ ತಿಳಿದಾಗ ಬದುಕಿದ ಒಂದು ಸಸಿ, ಸತ್ತ ಒಂದು ಸಸಿ ಕುಂಡಗಳಲ್ಲಿ ಹೊತ್ತು ನಾವಿಬ್ಬರೂ ತಮ್ಮಲ್ಲಿಗೆ ಬಂದೆವು.

“ಮೇಡಂ, ಪುನರ್ಪುಳಿ ಅಂದ್ರೆ ಪುನರ್ಪುಳಿ. ಒಂದು ಕಡಿದ್ರೆ ಹತ್ತು ನೆಡ್ತೇವೆ, ಆಯ್ತಲ್ಲ?” ಎಂದಿರಿ.

“ಆ ಹತ್ತು ಅಲ್ಲಿ ಬದುಕುದಿಲ್ಲ ಸರ್” ಎಂದಳು ಸುಗಂಧಿ.

ನೆಲ ಕೊಳೆಯಾಗುತ್ತದೆ, ಕುಂಡ ಹೊರಗಿಡಿ ಎಂದಿರಿ. ತಮ್ಮ ಸ್ವಚ್ಛತಾ ಪ್ರಜ್ಞೆ ದೊಡ್ಡದು!

ತಾವು ನೆಟ್ಟದ್ದು ಒಂದೇ ತಾಯಿಮರದಿಂದ ಕಸಿ ಕಟ್ಟಿದ ದೊಡ್ಡ ಹಣ್ಣಿನ ತಳಿ. ಎಲ್ಲವೂ ಒಂದೇ ಮರದ ನಕಲು. ಒಂದು ತಾಳಲಾರದ ಬಿಸಿಲನ್ನು ಉಳಿದವು ತಾಳುತ್ತವೆಯೇ? ತಾವು ಹಾರೆ ಹಿಡಿದು ನಿಂತ ಫೋಟೊ ಪತ್ರಿಕೆಯಲ್ಲಿ ಬಂತು. ಮಳೆ ನಿಂತ ಮೇಲೆ ಒಮ್ಮೆಯಾದರೂ ಹೋಗಿ ನೋಡಿದ್ದೀರಾ? ನಾವು ನೋಡಿದೆವು. ಸುಗಂಧಿ ಒಣಗಿದ ಒಂದು ಸಸಿಯನ್ನು ಎಳೆದಳು. ಬೇರು ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಎದ್ದು ಬಂತು. “ಇದು ನೆಟ್ಟದ್ದಲ್ಲ ಟೀಚರೇ, ಹೂತದ್ದು” ಎಂದು ಅಲ್ಲೇ ಕುಳಿತು ಅತ್ತಳು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಈಗ ಪಡುವಣ ಅಂಚಿನಲ್ಲಿ ಉಳಿದ ಮರಗಳಿಗೂ ಕೆಂಪು ಬಣ್ಣದ ಗುರುತು ಬಿದ್ದಿದೆ. ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಈ ಋತುವಿನಲ್ಲೇ ಪ್ರತಿ ಮರದ ಬೀಜ ತೆಗೆಸಿ, ಸಸಿ ಮಾಡಿಸಿ, ಅದೇ ಪಾದೆಯಲ್ಲಿ ನೆಡಿಸಿ. ಪುನರ್ಪುಳಿ ಬೀಜ ಕಡತದಂತೆ ಕಪಾಟಿನಲ್ಲಿ ಕಾಯುವುದಿಲ್ಲ, ಒಣಗಿದರೆ ಸತ್ತಿತು.

ಕಡಿಯುವುದಿಲ್ಲವೆಂಬ ಲಿಖಿತ ಆದೇಶ ಬರುವವರೆಗೆ ನಾವಿಬ್ಬರೂ ಸರದಿಯಲ್ಲಿ ಆ ಮರಗಳ ಬುಡದಲ್ಲಿ ಕೂರುತ್ತೇವೆ. ಬೆಳಗ್ಗಿನಿಂದ ಸುಗಂಧಿ ಒಬ್ಬಳೇ ಇದ್ದಾಳೆ. ಈ ಪತ್ರವನ್ನು ಅಂಚೆಗೆ ಹಾಕಿ ನಾನು ಕಾರ್ಕಳದ ಬಸ್ಸು ಹತ್ತುತ್ತೇನೆ.

ಇಂತಿ,
ಸಾವಿರಾರು ಮಕ್ಕಳಿಗೆ ಕಲಿಸಿ, ಒಬ್ಬ ಅಧಿಕಾರಿಗೆ ಕಲಿಸಲಾಗದ
ಜೋಸ್ಲಿನ್ ಟೀಚರ್
ಅಂಬಲಪಾಡಿ, ಉಡುಪಿ