ಪಿಟೀಲಿನ ಕುರ್ಚಿಯಲ್ಲಿ ತೂಕಡಿಸಿದ್ದಕ್ಕೆ

ಪುಟ್ಟೀ,

ಡ್ಯೂಟಿಗೆ ಹೊರಟೆ. ಕಪ್ಪು ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ. ರಾತ್ರಿ ಉಣ್ಣದೆ ಮಲಗಿದ್ದೀಯ, ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ಅಜ್ಜಿ ಫೋನ್ ಮಾಡಿದರೆ ತಿದ್ದಲು ಹೋಗಬೇಡ. ನೀನು ಬಸ್ ಕಂಡಕ್ಟರಾಗುತ್ತೀಯೆಂದೇ ನಂಬಿದ್ದಾರೆ, ವಾದ್ಯವೃಂದ ನಡೆಸುವವರಿಗೂ ಕಂಡಕ್ಟರ್ ಅಂತಾರೆಂದು ಹೇಳಿ ಹೇಳಿ ನನಗೂ ಸಾಕಾಗಿದೆ.

ನಿನ್ನೆ ಕುರ್ಚಿಗಳನ್ನೆಲ್ಲ ವಾದ್ಯವೃಂದದಂತೆ ಜೋಡಿಸಿ, ಪಿಟೀಲಿನವರ ಜಾಗದಲ್ಲಿ ನನ್ನನ್ನು ಕೂರಿಸಿದೆ. ನೀನು ಕೋಲು ಆಡಿಸುತ್ತಿದ್ದಂತೆ ನಾನು ತೂಕಡಿಸಿದೆ. "ನನ್ನ ಓದು ಅಂದ್ರೆ ನಿಂಗೆ ಇಷ್ಟೇ ಅಲ್ವಾ?" ಎಂದು ನೀನು ಕೋಲು ಎಸೆದು ಬಾಗಿಲು ಹಾಕಿಕೊಂಡೆ.

ಹಾಗಲ್ಲ ಕಣೇ. ಇಡೀ ದಿನ ವಾರ್ಡಿನಲ್ಲಿ ನಿಂತು ಕಾಲು ಸೋತಿತ್ತು. ಇವತ್ತು ನಿನ್ನೆದುರು ಕೂರುವ ವಾದ್ಯಗಾರರಲ್ಲೂ ಹಾಗೆ ಸೋತು ಬಂದವರಿರುತ್ತಾರೆ. ಅವರ ಮೇಲೆ ಸಿಡುಕಬೇಡ. ಮೊದಲು ಒಮ್ಮೆ ಮುಖ ನೋಡು, ಆಮೇಲೆ ಕೈ ಎತ್ತು.

ಅಮ್ಮ