ಗೌಸಿಯಾ ಉತ್ತರ ಕೊಟ್ಟಿದ್ದಾಳೆ

ಮಕ್ಕಳು ಯಾರ ಮಡಿಲಲ್ಲಿ ಬೆಳೆಯಬೇಕೆಂದು ತೀರ್ಮಾನಿಸುವ ಮಾನ್ಯರೇ,

ನಾಲ್ಕು ವರ್ಷದ ಗೌಸಿಯಾಳನ್ನು ತಾಯಿಯಿಂದ ಕಿತ್ತು ಬಾಗಲಕೋಟೆಯ ದೊಡ್ಡಪ್ಪನ ಮನೆಗೆ ಕಳಿಸಿದ್ದೀರಿ. ತಾಯಿ ತಬಸುಮ ಹುಟ್ಟುಕಿವುಡಿ. ಆದ್ದರಿಂದ ‘ಆಕೆಗೆ ಭಾಷೆಯಿಲ್ಲ’ ಎಂಬುದು ನಿಮ್ಮ ಆದೇಶ. ಎಂಥ ಸಂಶೋಧನೆ! ಇಳಕಲ್ಲಿನ ಒಂದೇ ಓಣಿಯಲ್ಲಿದ್ದು ವರ್ಷಗಟ್ಟಲೆ ಅವಳೊಂದಿಗೆ ಜಗಳವಾಡಿದ ನನಗೇ ಇದು ಗೊತ್ತಿರಲಿಲ್ಲ.

ನಮ್ಮಲ್ಲಿ ಮಗ್ಗಗಳ ಸದ್ದು ಶುರುವಾದರೆ ಕಿವಿಯಿದ್ದವರೂ ಕಿವುಡರೇ. ಹಾಗಾಗಿ ಎಲ್ಲರೂ ಕೈಯಲ್ಲಿ ಮಾತಾಡುತ್ತೇವೆ. ಓಣಿಯ ಕಿವುಡರಿಂದಲೇ ಕಲಿತ ಮಾತದು. ಒಬ್ಬೊಬ್ಬರಿಗೂ ಕೈಯಲ್ಲೊಂದು ಹೆಸರಿದೆ. ಮೂಗುತಿ ತಿರುವಿದಂತೆ ಮಾಡಿದರೆ ನಾನು. ತಬಸುಮಳ ಗದ್ದದ ಮೇಲೆ ಮಚ್ಚೆಯಿದೆ. ಗದ್ದಕ್ಕೆ ಬೆರಳು ತಟ್ಟಿದರೆ ಅವಳು.

ಅವಳ ಗಂಡ ತೀರಿಕೊಂಡ ಮೇಲೆ ಭಾವ, ಅಂದರೆ ಆ ದೊಡ್ಡಪ್ಪ ಮುರ್ತುಜಸಾಬ, “ಮೂಕಿ ಕೈಯಾಗ ಬೆಳದ್ರ ಕೂಸೂ ಮೂಕಿ ಆಗ್ತೈತಿ” ಎಂದು ನಿಮ್ಮ ಮುಂದೆ ಬಂದ. ಖರೆ ಹೇಳಲೇ? ಆ ಹುಡುಗಿ ಬಾಯಿ ತೆರೆದರೆ ಓಣಿಯಲ್ಲಿ ಬೇರೆಯವರಿಗೆ ಮಾತಾಡಲು ಸಂದಿಯೇ ಇಲ್ಲ. ತಾಯಿ ಎದುರಿಗಿದ್ದಾಗ ಮಾತ್ರ ಅವಳದು ಕೈಮಾತು.

ವಿಚಾರಣೆಗೆ ದೂರದ ಊರಿನಿಂದ ದುಭಾಷಿಯನ್ನು ಕರೆಸಿದಿರಿ. ಪಾಪ, “ಇದು ನಾನು ಕಲಿತ ಸನ್ನೆ ಭಾಷೆಯಲ್ಲ, ಈ ಕಡೆಯವರನ್ನು ಕರೆಸಿ” ಎಂದು ಆತ ಪ್ರಾಮಾಣಿಕವಾಗಿಯೇ ಹೇಳಿದ. ಬಾಗಿಲಲ್ಲಿದ್ದ ನಾನು, “ಸಾಹೇಬ್ರ, ನಾ ಹೇಳ್ತೇನ್ರಿ” ಎಂದೆ. “ನೆರೆಮನೆಯವರು ಹೊರಗಿರಿ” ಎಂದು ಕದ ಹಾಕಿಸಿದಿರಿ.

ಆಮೇಲೆ ಮಗುವನ್ನು, “ಯಾರ ಹತ್ತಿರ ಇರ್ತೀಯಮ್ಮಾ?” ಎಂದು ಕೇಳಿದಿರಿ. ಆದೇಶದಲ್ಲಿ ಬರೆದಿರಿ: ‘ಮಗು ಉತ್ತರಿಸಲಿಲ್ಲ. ತಾಯಿಯನ್ನು ನೋಡುತ್ತ ಗದ್ದ ತಟ್ಟಿಕೊಳ್ಳುತ್ತಿತ್ತು.’

ಅಯ್ಯೋ ಮಾನ್ಯರೇ! ಇನ್ನು ಹೇಗೆ ಹೇಳಬೇಕಿತ್ತು ಆ ಕೂಸು? ಅದನ್ನು ಕಂಡೇ ತಬಸುಮ ಕೂಗುತ್ತ ಎದ್ದಳು. ನೀವು ಅದಕ್ಕೆ ‘ಗಲಾಟೆ’ ಎಂದು ಹೆಸರಿಟ್ಟಿರಿ.

ಹೋದ ವಾರ ಬಾಗಲಕೋಟೆಗೆ ಹೋಗಿದ್ದೆ. ನನ್ನನ್ನು ಕಂಡ ಕೂಡಲೇ ಗೌಸಿಯಾ ಮೂಗಿನತ್ತ ಕೈ ಎತ್ತಿದಳು. ಮುರ್ತುಜಸಾಬ, “ಕೈ ಕೆಳಗ ಬಿಡ! ಬಾಯಿಲೆ ಮಾತಾಡ!” ಎಂದು ಗದರಿದ. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಬಾಯಿಂದಲೂ ಒಂದು ಮಾತು ಬರಲಿಲ್ಲ.

ನಾನು ದಯೆ ಬೇಡುತ್ತಿಲ್ಲ. ಆದೇಶವನ್ನು ತಡೆಹಿಡಿಯಿರಿ. ನಮ್ಮ ಸನ್ನೆ ಬಲ್ಲ, ನಿಮಗೆ ನಂಬಿಕೆಯಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳಿರಿ. ಬೇಗ ಕೇಳಿರಿ. ಅವ್ವನ ಹೆಸರು ಆ ಬೆರಳಿಗೆ ಇನ್ನೂ ನೆನಪಿದೆ.

ಇಂತಿ,
ಕಿವಿ, ಬಾಯಿ ಎರಡೂ ಇದ್ದು ನಿಮ್ಮ ಕದದ ಹೊರಗೇ ಉಳಿದ
ದಾನಮ್ಮ, ಇಳಕಲ್ಲ