ಎಡಚನ ಗೋಡೆ

ತಾತನಿಗೆ ನಿನ್ನ ಎಡಚ ಮೊಮ್ಮಗನ ನಮಸ್ಕಾರ.

ಇಲ್ಲಿ ಊರ ಸ್ಮಶಾನದೊಳಗೆ ಕಲ್ಲಿನ ಹಳೆಯ ಪ್ರಾರ್ಥನಾ ಮಂದಿರವೊಂದಿದೆ. ಅದರ ಒಡೆದ ಕಲ್ಲು ತೆಗೆದು ಹೊಸದು ಕೂರಿಸುವುದು ನಮ್ಮ ಕೆಲಸ. ಸ್ಮಶಾನ ಅಂತ ಅಜ್ಜಿಗೆ ಹೇಳಬೇಡ. ನಾನು ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದರಿಂದ, ಕಲ್ಲಿನ ಮೇಲೆ ಬೇರೆಯವರ ಉಳಿಯ ಗೆರೆಗಳು ಒಂದು ಕಡೆ ವಾಲಿದರೆ ನನ್ನವು ಇನ್ನೊಂದು ಕಡೆ ವಾಲುತ್ತವೆ. "ಗೋಡೆಗೆ ಹೊಂದಲ್ಲ ಕಣೋ. ಕೈ ಬದಲಾಯಿಸು, ಇಲ್ಲಾಂದ್ರೆ ಊರಿಗೆ ಹೊರಡು" ಎಂದು ಮೇಸ್ತ್ರಿ ಬೈದಿದ್ದರು. ನಾನು ಬಟ್ಟೆಯ ಗಂಟು ಕಟ್ಟಿಯೇ ಇಟ್ಟಿದ್ದೆ.

ನಿನ್ನೆ ಹಿಂದಿನ ಗೋಡೆಯ ಪಾಚಿ ಉಜ್ಜಿದಾಗ, ಅಲ್ಲಿನ ಗೆರೆಗಳೆಲ್ಲ ನನ್ನವುಗಳ ಹಾಗೆಯೇ ವಾಲಿದ್ದವು. ಯಾರೋ ಹಳೇ ಕಾಲದ ಎಡಚನ ಕೈಕೆಲಸ. ನಮ್ಮ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನೀನು ನನ್ನ ಕೈ ಹಿಡಿದು ಗೆರೆ ಹೊಡೆಸಿದ್ದು ನೆನಪಾಗಿ, ಆ ಗೋಡೆಗೆ ಕೈಯಿಟ್ಟು ನಿಂತುಬಿಟ್ಟೆ. ಮೇಸ್ತ್ರಿ ಬಂದಾಗ, "ನಮ್ಮ ತಾತನೂ ಎಡಚ, ನನಗೆ ಹೀಗೇ ಕಲಿಸಿದ್ದು" ಅಂದೆ. ಅವರು ಗೆರೆಗಳನ್ನು ನೋಡಿ, "ಲೋ ಎಡಚಾ, ನಿಮ್ಮ ತಾತ ಇಲ್ಲಿಗೂ ಬಂದು ಹೋಗಿದ್ರಾ?" ಎಂದು ನಕ್ಕರು. ಆ ಗೋಡೆಯ ಕೆಲಸವನ್ನು ನನಗೇ ಬಿಟ್ಟುಕೊಟ್ಟರು.

ನನ್ನ ಕೆಮ್ಮು ವಾಸಿಯಾಗಿದೆ. ನೀನು ಕಣ್ಣಿಗೆ ಔಷಧಿ ಹಾಕಿಕೊಳ್ಳುವುದನ್ನು ಬಿಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ನೀನು ಇಲ್ಲಿಗೆ ಬಂದಿದ್ದೆಯಾ ಅಂತ ಮೇಸ್ತ್ರಿ ಕೇಳಿದ್ದಕ್ಕೆ ನಾನು ಇಲ್ಲ ಅನ್ನಲಿಲ್ಲ, ತಾತ.